ಬಾಗಿಲಿಂದ ತೆಗೆದ ಮುಖಗಳು

ಫೆಬ್ರವರಿ 3

ಪುಟ್ಟಿಗೆ,

ಮನಸ್ಸು ಗಟ್ಟಿ ಮಾಡ್ಕೊಂಡು ಓದು. ನಿನ್ನ ಅಣ್ಣ ಹೋಗ್ಬಿಟ್ಟ. ಬೆಳಿಗ್ಗೆ ಎದ್ದ, ಕಾಫಿ ಕುಡಿದ, ಯಾರಿಗೂ ಒಂದು ಮಾತು ಹೇಳದೆ ಹೋಗ್ಬಿಟ್ಟ. ಅಕ್ಕಪಕ್ಕದವರು ಗೇಟಿನ ಹತ್ತಿರ ನಿಂತು ನೋಡ್ತಾ ಇದ್ರು, ಯಾರ ಕೈಲೂ ತಡೆಯೋಕಾಗ್ಲಿಲ್ಲ.

ಅಳ್ಬೇಡ. ಹೋಗಿದ್ದು ಪೋಸ್ಟ್ ಆಫೀಸಿಗೆ, ಸ್ಟಾಂಪ್ ತರೋಕೆ. ವಾಪಸ್ ಬಂದು ಬರೀತಾ ಕೂತಿದ್ದೀನಿ. ಎದೆ ಧಸಕ್ ಅಂದಿದ್ರೆ ತಪ್ಪಾಯ್ತು. ಅನ್ನಲಿಲ್ಲ ಅಂದ್ರೆ ನನಗೆ ಬೇಜಾರು, ಅದನ್ನೂ ಬರಿ.

ನನ್ನೆದೆ ಧಸಕ್ ಅಂದಿದ್ದು ನಿನ್ನ ಪತ್ರ ಓದಿ. ಮೂವತ್ತು ವರ್ಷ ಆಸ್ಪತ್ರೆಯ ಎಕ್ಸ್‌ರೇ ರೂಮಲ್ಲಿ ಜನರ ಮೂಳೆ ತೆಗೆದವಳು, ರಿಟೈರ್ ಆಗಿದ್ದೇ ತಡ ಕ್ಯಾಮೆರಾ ತಗೊಂಡು ಮುಖ ತೆಗಿಯೋಕೆ ಹೊರಟಿದ್ದೀಯ. ಎಲ್ಲರೂ ಮುಖ ನೋಡಿ ಆಮೇಲೆ ಒಳಗೇನಿದೆ ಅಂತ ಹುಡುಕ್ತಾರೆ. ನೀನು ಒಳಗಿಂದ ಶುರು ಮಾಡಿ ಈಗ ಚರ್ಮಕ್ಕೆ ಬಂದಿದ್ದೀಯ. ಹೀಗೇ ಮುಂದುವರಿದ್ರೆ ಬಟ್ಟೆ ಅಂಗಡಿ ಇಡ್ತೀಯ.

ಅದಿರಲಿ. ಅಷ್ಟು ವರ್ಷ ಸ್ಟುಡಿಯೋ ನಡೆಸಿದ ಅಣ್ಣನ್ನ ಒಂದು ಮಾತು ಕೇಳದೆ ಯಾರದ್ದೋ ಹಳೇ ಕ್ಯಾಮೆರಾ ತಗೊಂಡು, ಈಗ "ಅಣ್ಣಾ, ಯಾವ ಲೆನ್ಸು, ಯಾವ ಲೈಟು" ಅಂತೀಯ. ಮನೆ ಕಟ್ಟಿ ಮುಗಿಸಿ ಪಾಯ ಎಲ್ಲಿ ಹಾಕಲಿ ಅಂದ ಹಾಗಾಯ್ತು. ಯಾರ ಮುಖ ತೆಗೀತೀಯ, ಎಲ್ಲಿ ತೆಗೀತೀಯ, ಎಷ್ಟು ಹೊತ್ಕೊಂಡು ಓಡಾಡ್ತೀಯ, ಕೈಯಲ್ಲಿ ಕಾಸೆಷ್ಟಿದೆ, ಇಷ್ಟು ಹೇಳು. ಫೋನ್ ಮಾಡ್ಬೇಡ. ನನ್ನ ಎಡಗಿವಿ ರಿಟೈರ್ ಆಗಿದೆ, ಬಲಗಿವಿ ರಜೆ ಮೇಲಿದೆ.

ಹೋಗಿ ಬಂದ
ಅಣ್ಣ


ಫೆಬ್ರವರಿ 9

ಅಣ್ಣಾ,

ಎದೆ ಧಸಕ್ ಅನ್ನಲಿಲ್ಲ. ನೀನು ಸತ್ತಿರೋದು ಇದು ಐದನೇ ಸಲ.

ವಿಷಯ ಇಷ್ಟು. ನಮ್ಮ ಆಸ್ಪತ್ರೆಯಲ್ಲಿ ವಯಸ್ಸಾದವರ ವಾರ್ಡ್ ಇದೆ. ಹೆಚ್ಚಿನವರು ಮನೆಗೆ ಹೋಗೋರಲ್ಲ, ಅಲ್ಲೇ ಇರೋರು. ಕೆಲಸದವರು ಪದೇ ಪದೇ ಬದಲಾಗ್ತಾರೆ, ಬಂದವರೆಲ್ಲ "ಏಳನೇ ಹಾಸಿಗೆ", "ಹನ್ನೆರಡನೇ ಹಾಸಿಗೆ" ಅಂತಲೇ ಕರೀತಾರೆ. ವಾರ್ಡಿನ ದೊಡ್ಡ ಸಿಸ್ಟರ್‌ಗೆ ಅದು ಸರಿ ಕಾಣಲ್ಲ. ಪ್ರತಿ ಹಾಸಿಗೆ ತಲೆ ಮೇಲೆ ಅವರವರ ಒಂದು ಒಳ್ಳೆ ಫೋಟೋ ತೂಗುಹಾಕ್ಬೇಕು, ಬರೋರಿಗೆ ಇಲ್ಲಿ ಮಲಗಿರೋದು ಒಬ್ಬ ಮನುಷ್ಯ ಅಂತ ಗೊತ್ತಾಗ್ಬೇಕು ಅಂತ ಅವರ ಆಸೆ. ನಾನು ತೆಗೀತೀನಿ ಅಂದೆ. "ನೀವಾ?" ಅಂದ್ರು. ಏಪ್ರಿಲ್ ಕೊನೆಯೊಳಗೆ ಆರು ಜನರದ್ದು ತೋರಿಸಿ, ಚೆನ್ನಾಗಿದ್ರೆ ಇಡೀ ವಾರ್ಡ್ ನಿಮ್ಮದು, ಇಲ್ಲಾಂದ್ರೆ ಪೇಟೆ ಸ್ಟುಡಿಯೋದವರನ್ನ ಕರೀತೀನಿ ಅಂದ್ರು.

ನನಗೆ ಇದು ಬೇಕು ಅಣ್ಣಾ. ಹೋದ ವಾರ ಆಸ್ಪತ್ರೆ ಗೇಟಲ್ಲಿ ಒಬ್ಬರು ನನ್ನನ್ನೇ ನಿಲ್ಲಿಸಿ "ಎಕ್ಸ್‌ರೇ ರೂಮ್ ಯಾವ ಕಡೆ?" ಅಂತ ಕೇಳಿದ್ರು. ಅವರ ಎರಡು ಮಂಡಿನೂ ನಾನೇ ತೆಗೆದಿದ್ದೀನಿ. ನಡಿಗೆ ನೋಡಿದ ಕೂಡಲೇ ಆ ಮಂಡಿ ನನಗೆ ಗುರುತಾಯ್ತು. ಅವರಿಗೆ ನಾನು ಗುರುತಾಗಲಿಲ್ಲ. ಮೂವತ್ತು ವರ್ಷ ಒಂದೇ ಕಟ್ಟಡದಲ್ಲಿ ಇದ್ದವಳು ಯಾರಿಗೂ ಗೊತ್ತಿಲ್ಲ ಅಂದ್ರೆ ಹೇಗಿರುತ್ತೆ ಹೇಳು. ಈ ಕೆಲಸ ಸಿಗಲಿಲ್ಲ ಅಂದ್ರೆ ಕ್ಯಾಮೆರಾ ಮಾರಿಬಿಡ್ತೀನಿ.

ಬಸ್ಸಲ್ಲಿ ಹೋಗಬೇಕು, ಒಂದು ಹೆಗಲ ಚೀಲದಲ್ಲಿ ಎಲ್ಲ ಹಿಡೀಬೇಕು. ಕ್ಯಾಮೆರಾ ಜೊತೆ ಬಂದ ಚಿಕ್ಕ ಜೂಮ್ ಲೆನ್ಸ್ ಒಂದೇ ಇರೋದು. ನಿಮ್ಮ ಬೀದಿ ಕ್ಯಾಮೆರಾ ರಿಪೇರಿಯವರ ಗಾಜಿನ ಕಪಾಟಲ್ಲಿ ಹೋದ ಸಲ ಬಂದಾಗ ಉದ್ದದ ನೂರಾ ಮೂವತ್ತೈದು ಎಂಎಂ ಲೆನ್ಸ್ ನೋಡಿದ್ದೆ. ದೂರ ನಿಂತು ತೆಗೀಬಹುದು. ಒಂದು ತಿಂಗಳ ಪೆನ್ಷನ್ ಪೂರ್ತಿ ಹೋಗುತ್ತೆ. ತಗೊಳ್ಳಲಾ?

ಪುಟ್ಟಿ


ಫೆಬ್ರವರಿ 13

ಪುಟ್ಟಿಗೆ,

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ದೊಡ್ಡವರು ಹೇಳಿದ್ರು. ನಿನಗೆ ನಾನು ಹೇಳೋದು, ಹಾಸಿಗೆ ಇದ್ದಷ್ಟೇ ಲೆನ್ಸ್ ಚಾಚು. ವಾರ್ಡಲ್ಲಿ ಒಂದು ಹಾಸಿಗೆಗೂ ಇನ್ನೊಂದಕ್ಕೂ ನಡುವೆ ಎಷ್ಟು ಜಾಗ? ನರ್ಸಮ್ಮ ಟ್ರೇ ಹಿಡ್ಕೊಂಡು ಅಡ್ಡಡ್ಡ ಹೋಗೋಷ್ಟು. ನಿನ್ನದು ಚಿಕ್ಕ ಸೆನ್ಸರಿನ ಕ್ಯಾಮೆರಾ, ಅದರ ಮೇಲೆ ಯಾವ ಲೆನ್ಸೂ ಇದ್ದದ್ದಕ್ಕಿಂತ ಅರ್ಧ ಪಾಲು ಹೆಚ್ಚು ಉದ್ದದ ಹಾಗೆ ವರ್ತಿಸುತ್ತೆ. ನೂರಾ ಮೂವತ್ತೈದು ಹಾಕಿದ್ರೆ ಈ ಹಾಸಿಗೆಯವರ ಮುಖಕ್ಕೆ ಆಚೆ ಹಾಸಿಗೆಯವರ ಕಾಲ ಮೇಲೆ ಕೂತು ಗುರಿ ಇಡ್ಬೇಕಾಗುತ್ತೆ. ಬೇಡ.

ಐವತ್ತರದ್ದು ತಗೋ. ಜೂಮ್ ಇಲ್ಲದ್ದು, ಒಂದು ಪಾಯಿಂಟ್ ಎಂಟರವರೆಗೆ ಬಾಯಿ ತೆರೆಯೋದು. ಎಲ್ಲ ಕಂಪನಿಯವರೂ ಮಾಡ್ತಾರೆ, ಎಲ್ಲದರಲ್ಲೂ ಅದೇ ಅಗ್ಗ. ಸೆಕೆಂಡ್ ಹ್ಯಾಂಡ್ ಸಿಕ್ಕಿದ್ರೆ ಇನ್ನೂ ಅಗ್ಗ, ಆದ್ರೆ ಬಲ್ಬಿಗೆ ಹಿಡಿದು ನೋಡು, ಒಳಗೆ ಬೂಷ್ಟು ಬಲೆ ಕಟ್ಟಿರಬಾರದು. ಫೋಕಸ್ ಉಂಗುರ ತಿರುಗಿಸಿ ನೋಡು, ಕರಕರ ಅನ್ನಬಾರದು. ಅಷ್ಟು ಬಾಯಿ ತೆರೆದ್ರೆ ಕಮ್ಮಿ ಬೆಳಕಲ್ಲೂ ಆಗುತ್ತೆ, ಹಿಂದಿರೋ ಡ್ರಿಪ್ ಸ್ಟ್ಯಾಂಡೂ ಮಂಜಾಗಿ ಮಾಯ ಆಗುತ್ತೆ. ಮುಖ ಮತ್ತೆ ಭುಜ ಬೇಕು ಅಂದ್ರೆ ಎರಡು ಹೆಜ್ಜೆ ದೂರ ನಿಂತ್ರೆ ಸಾಕು.

ಇನ್ನು ಲೈಟು. ಬೆಳಕಿಗೆ ದುಡ್ಡು ಕೊಡೋಕೆ ಮುಂಚೆ ಪುಕ್ಕಟೆ ಇರೋದನ್ನ ಮುಗಿಸು. ಕಿಟಕಿ ಪಕ್ಕಕ್ಕೆ ಬರೋ ಹಾಗೆ ಕೂರಿಸು, ಆ ಭಾಗದ ಟ್ಯೂಬ್‌ಲೈಟ್ ಆರಿಸು, ಎರಡೂ ಬೆರೆತ್ರೆ ಅರ್ಧ ಮುಖ ಹಸಿರು. ಕಿಟಕಿಯ ಎದುರು ಕಡೆ ಬಿಳಿ ಥರ್ಮಾಕೋಲ್ ಹಾಳೆ ನಿಲ್ಲಿಸು, ನೆರಳಿಗೂ ಸ್ವಲ್ಪ ಜೀವ ಬರುತ್ತೆ. ಕ್ಯಾಮೆರಾ ತಲೆ ಮೇಲಿನ ಫ್ಲಾಶ್ ಬೇಡವೇ ಬೇಡ. ಅದು ಹೊಡೆದ್ರೆ ಮುಖ ಸುಣ್ಣ ಬಳಿದ ಗೋಡೆ, ಪಾಪ ವಯಸ್ಸಾದವರ ಕಣ್ಣಿಗೂ ಹಿಂಸೆ. ದುಡ್ಡು ಉಳಿದ್ರೆ ಅಂಗೈ ಅಗಲದ ಬ್ಯಾಟರಿ ಎಲ್‌ಇಡಿ ತಗೋ, ಮೇಲೊಂದು ಬಿಳಿ ಕರವಸ್ತ್ರ ಕಟ್ಟು. ಚೀಲ ಕೊನೆಗೆ. ತರಕಾರಿ ಚೀಲಕ್ಕೆ ಹಳೇ ಸ್ವೆಟರ್ ಹೊಲಿದ್ರೂ ಲೆನ್ಸಿಗೆ ಗೊತ್ತಾಗಲ್ಲ.

ಬೆಳಕಿನ ಬೆಲೆ ಬಲ್ಲ
ಅಣ್ಣ


ಮಾರ್ಚ್ 8

ಅಣ್ಣಾ,

ಐವತ್ತರದ್ದು ತಗೊಂಡೆ. ಎಲ್‌ಇಡಿ ತಗೊಂಡೆ. ಥರ್ಮಾಕೋಲ್ ಟಿವಿ ಡಬ್ಬದಲ್ಲಿತ್ತು. ನೀನು ಹೇಳಿದ್ದೆಲ್ಲ ಮಾಡಿದೆ. ಜೊತೆಗೆ ಇಟ್ಟಿರೋ ನಾಲ್ಕು ಪ್ರಿಂಟ್ ನೋಡು. ದೊಡ್ಡ ಸಿಸ್ಟರ್ ನೋಡಿ "ಇವರೆಲ್ಲ ಏನು ಕದ್ದಿದ್ದಾರೆ?" ಅಂತ ಕೇಳಿದ್ರು.

ಲೆನ್ಸೇ ಸರಿ ಇಲ್ಲ. ಮುಖ ಚಿಕ್ಕದಾಗಿ ಬರುತ್ತೆ, ಕಂಪ್ಯೂಟರಲ್ಲಿ ಕತ್ತರಿಸಿ ದೊಡ್ಡದು ಮಾಡಿದ್ರೆ ಮರಳು ಎರಚಿದ ಹಾಗೆ ಕಾಣುತ್ತೆ. ನಾನೇನೂ ಆತುರ ಮಾಡ್ಲಿಲ್ಲ. ಎಲ್ಲ ಕ್ರಮವಾಗಿ ಮಾಡಿದೆ. ಏಳನೇ ಹಾಸಿಗೆಯಲ್ಲಿ ಒಬ್ಬರಿದ್ದಾರೆ, ಟಿಕೆಟ್ ಅಜ್ಜಿ ಅಂತಾರೆ, ಸಿನಿಮಾ ಮಂದಿರದಲ್ಲಿ ಟಿಕೆಟ್ ಕೊಡ್ತಿದ್ದವರು. ಕಿಟಕಿ ಪಕ್ಕ ಕೂರಿಸಿದೆ. ಗದ್ದ ಮೇಲೆ ಮಾಡಿ ಅಂದೆ, ಭುಜ ಸಡಿಲ ಬಿಡಿ ಅಂದೆ. ಬಾಗಿಲ ಹತ್ತಿರ ಹೋಗಿ ನಿಂತೆ. "ಉಸಿರು ಒಳಗೆ ಎಳ್ಕೊಳ್ಳಿ, ಬಿಗಿ ಹಿಡೀರಿ, ಅಲ್ಲಾಡ್ಬೇಡಿ" ಅಂದೆ, ಒತ್ತಿದೆ, "ಹಾಂ, ಉಸಿರು ಬಿಡಿ" ಅಂದೆ. ಅಷ್ಟೇ. ಅಜ್ಜಿ ಮುಖ ಊದಿಸ್ಕೊಂಡು "ಅಮ್ಮಾ, ಎಕ್ಸ್‌ರೇ ಹೋದ ವಾರ ತಾನೇ ಆಯ್ತು, ಮತ್ತೆ ಯಾಕೆ?" ಅಂತ ಕೇಳ್ತಾರೆ. ವಯಸ್ಸಾಗಿದೆ, ಮರೆವು.

ನನಗೆ ಉದ್ದದ ಲೆನ್ಸೇ ಬೇಕು. ದುಡ್ಡು ಹೊಂದಿಸಿದ್ದೀನಿ. ರಿಪೇರಿಯವರಿಗೆ ತೆಗೆದಿಡೋಕೆ ಹೇಳು. ಬೇಡ ಅನ್ಬೇಡ ಅಣ್ಣಾ.

ಪುಟ್ಟಿ


ಮಾರ್ಚ್ 12

ಪುಟ್ಟಿಗೆ,

ಆ ಲೆನ್ಸ್ ಮಾರಾಟ ಆಗೋಯ್ತು. ಅಂಗಡಿಗೆ ಹೋಗಿ ವಿಚಾರಿಸಿದೆ. ಗಾಜಿನ ಕಪಾಟಲ್ಲಿ ಅದಿದ್ದ ಜಾಗದಲ್ಲಿ ಈಗ ದುಂಡಗೆ ಧೂಳಿಲ್ಲದ ಗುರುತು ಮಾತ್ರ ಇದೆ. ಅಂಥದ್ದು ಇನ್ನೊಂದು ಬರೋದು ಕಷ್ಟ ಅಂದ್ರು.

ಇನ್ನು ನಿನ್ನ ಫೋಟೋ. ನಾನು ನಗಬಾರದು ಅಂತ ಎದ್ದು ನೀರು ಕುಡಿದು ಬಂದೆ. ಆದ್ರೂ ಆಗಲಿಲ್ಲ. ಮರೆವು ಟಿಕೆಟ್ ಅಜ್ಜಿಗಲ್ಲ ಕಣೇ, ನಿನಗೆ! ನೀನೇ ಬರೆದಿದ್ದನ್ನ ನೀನೇ ಓದ್ಕೋ. ಉಸಿರು ಎಳ್ಕೊಳ್ಳಿ, ಬಿಗಿ ಹಿಡೀರಿ, ಅಲ್ಲಾಡ್ಬೇಡಿ. ಹೇಳಿದವಳು ಎಲ್ಲಿದ್ಲು? ಬಾಗಿಲ ಹತ್ತಿರ! ಎಕ್ಸ್‌ರೇ ರೂಮಿನ ಸೀಸದ ಗೋಡೆ ಒಂದು ಅಲ್ಲಿಲ್ಲ, ಇದ್ದಿದ್ರೆ ಅದರ ಹಿಂದೆ ಹೋಗಿ ಕಿಂಡಿಯಲ್ಲಿ ಇಣುಕಿರ್ತಿದ್ದೆ. ನಾಲ್ಕು ಪ್ರಿಂಟಲ್ಲೂ ನಾಲ್ಕು ಜನ ಎದೆ ಉಬ್ಬಿಸ್ಕೊಂಡು, ಕಣ್ಣು ಬಿಟ್ಕೊಂಡು, ಈಗ ಬಿಡಲಾ ಆಮೇಲೆ ಬಿಡಲಾ ಅಂತ ಕೂತಿದ್ದಾರೆ. ಮೂಳೆ ಮಾತ್ರ ಬಹಳ ಚೆನ್ನಾಗಿ ಬಂದಿದೆ.

ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ. ನೀನು ಲೆನ್ಸ್ ಗಿಡ್ಡ ಅಂತಿದ್ದೀಯ. ಲೆನ್ಸ್ ಗಿಡ್ಡ ಅಲ್ಲ, ನಿನ್ನ ಹೆಜ್ಜೆ ಉದ್ದ. ಎರಡು ಹೆಜ್ಜೆ ದೂರ ಅಂತ ಬರೆದಿದ್ದೆ, ನೀನು ಹತ್ತು ಹೆಜ್ಜೆ ಓಡಿಹೋಗಿದ್ದೀಯ. ಹತ್ತಿರ ಹೋಗು. ಕ್ಯಾಮೆರಾದಿಂದ ಏನೂ ಹಾರಿ ಬರಲ್ಲ.

ಬಿಗಿ ಹಿಡಿದಿದ್ದ ನಗು ಬಿಟ್ಟ
ಅಣ್ಣ


ಮಾರ್ಚ್ 29

ಅಣ್ಣಾ,

ನಗೋದು ಮುಗೀತಾ? ಮುಗಿದಿದ್ರೆ ಓದು.

ಲೆನ್ಸ್ ಹೋಯ್ತು ಅಂತ ಗೊತ್ತಾದ ದಿನ ಕ್ಯಾಮೆರಾ ಬೀರುವಿನಲ್ಲಿಟ್ಟೆ. ಹದಿನೈದು ದಿನದಿಂದ ವಾರ್ಡಿಗೆ ಹೋಗಿಲ್ಲ. ಆ ನಾಲ್ಕು ಫೋಟೋನೂ ಬೇಡ ಅಂತ ದೊಡ್ಡ ಸಿಸ್ಟರ್ ಹೇಳಿ ಕಳಿಸಿದ್ರು. ಪೇಟೆ ಸ್ಟುಡಿಯೋದವರು ಬಂದು ಬೆಲೆ ಹೇಳಿ ಹೋಗಿದ್ದಾರಂತೆ.

ಬಾಗಿಲಿಗೆ ಯಾಕೆ ಹೋಗ್ತೀನಿ ಅಂತ ನಿನಗೆ ಗೊತ್ತಿಲ್ಲ. ಅಭ್ಯಾಸ ಅಂತ ನಗಾಡಿದೆ. ಕೇಳು. ಎಕ್ಸ್‌ರೇ ತೆಗೆದ ಕೂಡಲೇ ಜನ ಏನು ನೋಡ್ತಾರೆ ಗೊತ್ತಾ? ಫಿಲ್ಮ್ ನೋಡಲ್ಲ, ಅದು ಅವರಿಗೆ ಅರ್ಥ ಆಗಲ್ಲ. ನನ್ನ ಮುಖ ನೋಡ್ತಾರೆ. ಏನಾದ್ರೂ ಸಿಕ್ಕಿತಾ ಅಂತ. ಹೇಳೋದು ಡಾಕ್ಟರ ಕೆಲಸ, ನಾನು ಬಾಯಿ ಬಿಡೋ ಹಾಗಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹೆಂಗಸಿನ ಎದೆ ಎಕ್ಸ್‌ರೇ ನೋಡಿ ನನ್ನ ಮುಖ ಬದಲಾಯ್ತು. ಆಕೆ ಅಲ್ಲೇ ಕುಸಿದು ಕೂತ್ರು. ನಾನು ಒಂದು ಮಾತೂ ಆಡಿರಲಿಲ್ಲ. ಅವತ್ತಿಂದ ಮುಖಾನ ಕಲ್ಲು ಮಾಡೋದು ಕಲಿತೆ. ಆಗದೆ ಇದ್ದಾಗ ಗಾಜಿನ ಹಿಂದೆ ನಿಂತ್ಕೊಳ್ತಿದ್ದೆ. ಬೆಳಕು ಬಿದ್ದ ಗಾಜಿನ ಹಿಂದೆ ಯಾರಿದ್ದಾರೆ ಅಂತ ಹೊರಗಿನವರಿಗೆ ಕಾಣಲ್ಲ.

ಈ ವಾರ್ಡಿನವರಲ್ಲಿ ಅರ್ಧ ಜನರ ಎದೆ ನಾನು ತೆಗೆದಿದ್ದೀನಿ. ಯಾರಿಗೆ ಏನಿದೆ ಅಂತ ನನಗೆ ಗೊತ್ತು. ಹತ್ತಿರ ಹೋಗು ಅಂತೀಯ. ಹತ್ತಿರ ಹೋದ್ರೆ ಅವರು ನನ್ನ ಮುಖ ನೋಡ್ತಾರೆ.

ಅದಕ್ಕೇ ಉದ್ದದ ಲೆನ್ಸ್ ಕೇಳಿದ್ದು.

ಪುಟ್ಟಿ


ಏಪ್ರಿಲ್ 2

ಪುಟ್ಟಿಗೆ,

ನಕ್ಕಿದ್ದು ತಪ್ಪು. ಇದರಲ್ಲಿ ತಮಾಷೆ ಇಲ್ಲ.

ಸ್ಟುಡಿಯೋದಲ್ಲಿ ನಾನು ಮಾಡ್ತಿದ್ದುದನ್ನ ಹೇಳ್ತೀನಿ. ಬೇಕಾದ್ರೆ ಮಾಡು, ಬೇಡದಿದ್ರೆ ಬಿಡು. ಒಂದು ಸ್ಟೂಲ್ ತಗೋ, ಅವರ ಕಣ್ಣೂ ನಿನ್ನ ಕಣ್ಣೂ ಒಂದೇ ಎತ್ತರಕ್ಕೆ ಬರೋ ಹಾಗೆ ಕೂತ್ಕೋ. ಮೊದಲು ಕ್ಯಾಮೆರಾ ಎತ್ಬೇಡ, ತೊಡೆ ಮೇಲಿರಲಿ. ಅವರು ನಿನ್ನನ್ನ ನೋಡೋದು ನೋಡಿ ಮುಗಿಸಲಿ. ಫೋಟೋ ತೆಗೆಸೋಕೆ ಬಂದವರೆಲ್ಲ ಮೊದಲು ತೆಗಿಯೋನ ಮುಖಾನೇ ನೋಡ್ತಾರೆ, ಇವನನ್ನ ನಂಬಬಹುದಾ ಅಂತ. ಅದಕ್ಕೇ ನಾನು ಕೋತಿ ಹಾಗೆ ಆಡ್ತಿದ್ದೆ. ಬರೀ ಅಭ್ಯಾಸ ಅಂದ್ಕೊಂಡಿದ್ದೀಯ? ನನ್ನ ಗೋಡೆನೂ ಅದೇ.

ಮಾತಾಡಿಸು. ಮಾತು ಮುಗಿದ ಮೇಲೆ ಎಲ್ಲರೂ ಉಸಿರು ಬಿಡ್ತಾರೆ, ಆಗ ಭುಜ ಇಳಿಯುತ್ತೆ, ಮುಖ ಮನೆಗೆ ಬರುತ್ತೆ. ಅಲ್ಲಿ ಒತ್ತು. ಎಲ್‌ಇಡಿ ಹಚ್ಬೇಡ, ಕಿಟಕಿ ಸಾಕು.

ಇನ್ನೂ ದಿನ ಇದೆ. ಒಬ್ಬರ ಹತ್ತಿರ ಮಾತ್ರ ಹೋಗಿ ನೋಡು.

ಅಣ್ಣ


ಏಪ್ರಿಲ್ 21

ಅಣ್ಣಾ,

ಟಿಕೆಟ್ ಅಜ್ಜಿ ಹತ್ತಿರ ಹೋದೆ. ಔಷಧಿ ಕೊಡೋ ಕೋಣೆಯಿಂದ ಸ್ಟೂಲ್ ತಂದೆ. ಥರ್ಮಾಕೋಲನ್ನ ಡ್ರಿಪ್ ಸ್ಟ್ಯಾಂಡಿಗೆ ಒರಗಿಸಿದೆ. ಕೂತೆ. ಎರಡು ಹೆಜ್ಜೆ ಕೂಡ ಇರಲಿಲ್ಲ.

"ಇವತ್ತು ಯಾವ ಮೂಳೆ?" ಅಂದ್ರು.

"ಮೂಗಿಂದು" ಅಂದೆ.

"ಮೂಗಲ್ಲಿ ಎಲ್ಲಿದೆ ಮೂಳೆ?"

"ಇದೆ ಅಜ್ಜಿ, ಮೇಲ್ಗಡೆ ಚಿಕ್ಕದು."

"ಓಹೋ, ನನಗೆ ಮೂಗಿನ ಮೇಲೆ ಕೋಪ ಮಾತ್ರ ಇದೆ ಅಂದ್ಕೊಂಡಿದ್ದೆ."

ಆಮೇಲೆ ಸುಮ್ಮನೆ ನನ್ನ ಮುಖಾನೇ ನೋಡ್ತಾ ಕೂತ್ರು. ಎದ್ದು ಹೋಗೋಣ ಅನ್ನಿಸಿ ಬಾಗಿಲ ಕಡೆ ನೋಡಿದೆ.

"ಯಾಕಮ್ಮಾ, ಬಸ್ಸಿಗೆ ಹೊತ್ತಾಯ್ತಾ?"

"ಇಲ್ಲ. ಯಾರಾದ್ರೂ ನನ್ನ ಮುಖ ನೋಡಿದ್ರೆ ನನಗೆ ಆಗಲ್ಲ" ಅಂದುಬಿಟ್ಟೆ.

"ಯಾಕೆ, ಏನಾಗಿದೆ ಮುಖಕ್ಕೆ? ಇದಕ್ಕಿಂತ ಕೆಟ್ಟ ಮುಖಗಳು ಪರದೆ ಮೇಲೆ ಬಂದು ದುಡ್ಡು ಮಾಡಿವೆ. ಟಿಕೆಟ್ ಹರಿದುಕೊಟ್ಟವಳು ನಾನು, ನನಗೆ ಗೊತ್ತಿಲ್ವಾ?"

ನಕ್ಕುಬಿಟ್ಟೆ ಅಣ್ಣಾ. ಆ ವಾರ್ಡಲ್ಲಿ ನಾನು ನಕ್ಕಿದ್ದು ಯಾರೂ ನೋಡಿಲ್ಲ, ಆಚೆ ಹಾಸಿಗೆಯವರೂ ತಿರುಗಿ ನೋಡಿದ್ರು. ಅಜ್ಜಿ ಸ್ವಲ್ಪ ಮುಂದಕ್ಕೆ ಬಾಗಿ, "ನನ್ನದು ಏನಾಗಿದೆ ಅಂತ ನಿನಗೆ ಗೊತ್ತು, ಅಲ್ವಾ? ನನಗೂ ಗೊತ್ತು. ನೀನು ಅದನ್ನ ಮುಚ್ಚಿಡೋಕೆ ಇಷ್ಟು ಕಷ್ಟ ಪಡ್ಬೇಡ" ಅಂದ್ರು. ಅಂದು, ಟಿಕೆಟ್ ಕಿಂಡಿ ವಿಷಯ ಹೇಳೋಕೆ ಶುರು ಮಾಡಿದ್ರು. ಕಿಂಡಿಯಲ್ಲಿ ಬರೀ ಕೈ ಬರ್ತಿತ್ತಂತೆ, ಮುಖ ಕಾಣ್ತಿರಲಿಲ್ಲವಂತೆ. ಕೈ ನೋಡಿಯೇ ಇವನು ಯಾರ ಜೊತೆ ಬಂದಿದ್ದಾನೆ, ಮನೇಲಿ ಹೇಳಿ ಬಂದಿದ್ದಾನಾ ಇಲ್ವಾ, ಎಲ್ಲ ಹೇಳ್ತಿದ್ರಂತೆ. ಹೇಳಿ ಮುಗಿಸಿ ಉಸಿರು ಬಿಟ್ರು. ಆಗ ಒತ್ತಿದೆ.

ಪ್ರಿಂಟ್ ಇಟ್ಟಿದ್ದೀನಿ. ದೊಡ್ಡ ಸಿಸ್ಟರ್ ಅದನ್ನ ಕಿಟಕಿಗೆ ತಗೊಂಡು ಹೋಗಿ ನೋಡಿ, "ಇವರು ನಗ್ತಾರಾ?" ಅಂತ ಕೇಳಿದ್ರು. ಉಳಿದ ಐದು ಜನರದ್ದೂ ಆ ವಾರವೇ ತೆಗೆದೆ. ನಿನ್ನೆ ಕರೆದು ಇಡೀ ವಾರ್ಡ್ ನಿಮ್ಮದೇ ಅಂದ್ರು. ಗೋಡೆಗೆ ಮೊಳೆ ಹೊಡೀತಿದ್ದಾರೆ.

ನಿನ್ನ ಮೇಲೆ ಇದ್ದ ಸಿಟ್ಟು ಹೋಯ್ತು. ಆ ಉದ್ದದ ಲೆನ್ಸ್ ತಗೊಂಡು ಹೋದವರ ಮೇಲೆ ಇನ್ನೂ ಇದೆ. ಯಾರೋ ಪುಣ್ಯಾತ್ಮರು, ಚೆನ್ನಾಗಿರಲಿ.

ಪುಟ್ಟಿ


ಏಪ್ರಿಲ್ 27

ಪುಟ್ಟಿಗೆ,

ಟಿಕೆಟ್ ಅಜ್ಜಿಯನ್ನ ಮೇಜಿನ ಮೇಲೆ ಒರಗಿಸಿ ಎದುರಿಗೆ ಕೂತಿದ್ದೀನಿ. ಎರಡು ಕಣ್ಣಲ್ಲೂ ಕಿಟಕಿ ಇಷ್ಟಿಷ್ಟೇ ಕಾಣ್ತಿದೆ. ನೆರಳಿನ ಕೆನ್ನೆಯಲ್ಲಿ ಒಂದೊಂದು ಗೆರೆನೂ ಎಣಿಸಬಹುದು. ಒಂದೇ ಒಂದು ದೋಷ, ಎಡ ಭುಜ ಅರ್ಧ ಕತ್ತರಿಸಿಬಿಟ್ಟಿದ್ದೀಯ. ಮೂಳೆಯವಳಾಗಿ ಭುಜಾನೇ ಬಿಟ್ರೆ ಹೇಗೆ? ದುಡ್ಡು ಬಂದ ಮೇಲೆ ಇನ್ನೊಂದು ಬ್ಯಾಟರಿ ತಗೋ. ವಾರ್ಡಿನ ನಡುವೆ ಬ್ಯಾಟರಿ ಸತ್ರೆ ಅದು ನನ್ನ ಹಾಗೆ ಪೋಸ್ಟ್ ಆಫೀಸಿಂದ ವಾಪಸ್ ಬರಲ್ಲ.

ಇನ್ನೊಂದು ವಿಷಯ. ನಾನು ಮಾಡದೇ ಇರೋದನ್ನೆಲ್ಲ ಮಾಡಿದೆ ಅಂತ ಹೇಳಿ ಆಮೇಲೆ ಇಲ್ಲ ಅನ್ನೋನು. ಇದು ನಿಜವಾಗ್ಲೂ ಮಾಡಿದ್ದು.

ಫೆಬ್ರವರಿಯಲ್ಲಿ ನಿನಗೆ ಆ ಲೆನ್ಸ್ ಬೇಡ ಅಂತ ಬರೆದ ದಿನವೇ ಹೋಗಿ ಅದನ್ನ ತಗೊಂಡೆ. ವಾರ್ಡ್ ನಿನಗೆ ಸಿಕ್ಕಿದ ದಿನ ಕೊಡೋಣ ಅಂತ. ಆಮೇಲೆ, ಬೇಡ ಅನ್ಬೇಡ ಅಣ್ಣಾ ಅಂತ ಬರೆದ್ಯಲ್ಲ, ಆ ಪತ್ರ ಬಂದ ದಿನವೇ ಲೆನ್ಸನ್ನ ಹಳೇ ಬನಿಯನ್‌ನಲ್ಲಿ ಸುತ್ತಿ, ಡಬ್ಬಕ್ಕೆ ಹಾಕಿ, ನಿನ್ನ ವಿಳಾಸ ಬರೆದು ಪೋಸ್ಟ್ ಆಫೀಸಿನ ಸಾಲಲ್ಲಿ ನಿಂತಿದ್ದೆ. ಮುಂದೆ ಇನ್ನೊಬ್ಬರೇ ಇದ್ರು. ನಿಂತಲ್ಲೇ ನಿನ್ನ ಪತ್ರ ಮತ್ತೊಂದು ಸಲ ಓದಿದೆ. ಬಾಗಿಲ ಹತ್ತಿರ ಹೋಗಿ ನಿಂತೆ ಅಂತ ಇತ್ತು. ಇದು ಸಿಕ್ಕಿದ್ರೆ ನೀನು ಬಾಗಿಲು ಬಿಟ್ಟು ಬರಲ್ಲ ಅನ್ನಿಸಿ ಸಾಲಿಂದ ಹೊರಗೆ ಬಂದೆ.

ನೀನು ಯಾಕೆ ಬಾಗಿಲಿಗೆ ಹೋಗ್ತೀಯ ಅಂತ ಆಗ ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಕಳಿಸಲಿಲ್ಲ. ನೀನು ಕ್ಯಾಮೆರಾ ಬೀರುವಿನಲ್ಲಿಟ್ಟೆ ಅಂತ ಓದಿ ಡಬ್ಬ ಎತ್ಕೊಂಡು ಗೇಟಿನ ತನಕ ಹೋದೆ, ವಾಪಸ್ ಬಂದೆ. ನೀನು ಕ್ಯಾಮೆರಾ ಮಾರಿಬಿಟ್ಟಿದ್ರೆ ಈ ಪತ್ರ ಬರೆಯೋ ಧೈರ್ಯ ನನಗಿರ್ತಿರಲಿಲ್ಲ. ಬೈಯೋದಿದ್ರೆ ಪೂರ್ತಿ ಬೈದು ಬರಿ, ಎರಡು ಸ್ಟಾಂಪ್ ಬೇಕಾದ್ರೂ ಹಚ್ಚು.

ಲೆನ್ಸ್ ಮಾರಾಟ ಆಗೋಯ್ತು ಅಂದಿದ್ದು ಸುಳ್ಳಲ್ಲ. ತಗೊಂಡವನು ನಾನು.

ಅಣ್ಣ